ಪೋಡಿ ದುರಸ್ತಿ

ಒಂದು ಸರ್ವೆ ನಂಬರಿನ ಜಮೀನು ಕ್ರಯ, ವಿಭಾಗ ಇಲ್ಲವೆ ಸರ್ಕಾರಿ ಮಂಜೂರಾತಿಯಿಂದ ಹಲವರಿಗೆ ಹಂಚಿಹೋದಾಗ, ಪ್ರತಿ ಪಾಲನ್ನೂ ಅಳೆದು, ಹಿಸ್ಸಾ ಸಂಖ್ಯೆ ಕೊಟ್ಟು, ನಕ್ಷೆ ಮತ್ತು ಕಂದಾಯ ದಾಖಲೆಗಳನ್ನು ಅದಕ್ಕೆ ತಕ್ಕಂತೆ ತಿದ್ದುವ ಕ್ರಮಕ್ಕೆ ಕರ್ನಾಟಕದಲ್ಲಿ ಪೋಡಿ ದುರಸ್ತಿ ಎಂದು ಹೆಸರು.

ಇದರ ಬೇರು ಮುಂಬಯಿ ಸರ್ವೆ ಪದ್ಧತಿಯಲ್ಲಿದೆ. ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಆರಂಭಿಸಿದ ಈ ಪದ್ಧತಿ 1840ರ ದಶಕದಲ್ಲಿ ಧಾರವಾಡ ಭಾಗಕ್ಕೆ ಹರಡಿ, 1847ರ ಜಂಟಿ ವರದಿಯಲ್ಲಿ ನಿಯಮಬದ್ಧವಾಗಿ, 1863ರಲ್ಲಿ ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಮೈಸೂರಿಗೂ ಬಂದಿತು. ಅದರ ಗುರಿ ಕಂದಾಯ ನಿಗದಿಯೇ ಹೊರತು ಒಡೆತನದ ನಿರ್ಣಯವಾಗಿರಲಿಲ್ಲ. ಮುಂದೆ ಹುಟ್ಟಿದ ತೊಡಕುಗಳಲ್ಲಿ ಬಹುಪಾಲಿಗೆ ಕಾರಣ ಇದೇ.

ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಅದರ ಹದಿನಾರನೆಯ ಒಂದು ಪಾಲು ಒಂದು ಆಣೆ. ಒಂದು ಸರಪಳಿ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಭೂಮಾಪಕರು ಹೊಲದ ನಡುವೆ ಮೂಲರೇಖೆ ಹಾಯಿಸಿ, ಅದರಿಂದ ಪ್ರತಿ ಮೂಲೆಗೂ ಇರುವ ಲಂಬ ದೂರವನ್ನು ಸರಪಳಿ ಮತ್ತು ಆಣೆಗಳಲ್ಲಿ ಬರೆದಿಟ್ಟ ಕೈಚಿತ್ರವೇ ಟಿಪ್ಪಣಿ. ಬಾಂದು ಕಲ್ಲು ಕಿತ್ತುಹೋದ ಕಡೆ ಇಂದಿಗೂ ಗಡಿ ಗುರುತಿಸಲು ಆಧಾರ ಆ ಹಳೆಯ ಹಾಳೆಯೇ. ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ) ಮತ್ತು ಕಂದಾಯದ ವಿವರ ಆಕಾರ್‌ಬಂದ್ ಎಂಬ ಪುಸ್ತಕಕ್ಕೆ ಸೇರಿತು.

ಕ್ರಯಪತ್ರಗಳು ಈ ದಾಖಲೆಗಳ ಗೊಡವೆಗೆ ಹೋಗದೆ ಬೇರೆಯೇ ದಾರಿ ಹಿಡಿದವು. 1908ರ ನೋಂದಣಿ ಕಾಯ್ದೆ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರಣೆಯನ್ನು ಕೇಳಿತೇ ವಿನಾ ಪ್ರತಿ ಮಾರಾಟಕ್ಕೂ ಹೊಸ ಅಳತೆಯನ್ನು ಕೇಳಲಿಲ್ಲವಾದ್ದರಿಂದ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು ಎಂಬ ಚಕ್ಕುಬಂದಿಯೊಂದಿಗೇ ಪಾಲುಗಳು ಕೈ ಬದಲಾದವು. ಹಳ್ಳದ ಪಾತ್ರ ಸರಿಯುತ್ತದೆ, ಪಕ್ಕದ ಹಿಡುವಳಿದಾರರು ಬದಲಾಗುತ್ತಾರೆ. ಹೀಗೆ ನಕ್ಷೆಯಲ್ಲಿ ಒಂದೇ ತುಂಡಾಗಿ ಉಳಿದ ನಂಬರಿಗೆ ಹಿಡುವಳಿಯ ದಾಖಲೆಯಾದ ಪಹಣಿಯಲ್ಲಿ ಹಲವು ‘ಪೈಕಿ’, ಅಂದರೆ ಅಳೆದು ಬೇರ್ಪಡಿಸದ ಪಾಲಿನ, ಹಿಡುವಳಿದಾರರು ಸೇರಿ, ಅವರ ವಿಸ್ತೀರ್ಣದ ಮೊತ್ತ ಆಕಾರ್‌ಬಂದ್‌ಗೆ ತಾಳೆಯಾಗದ ಪ್ರಸಂಗಗಳು ಹೆಚ್ಚಿದವು. ವಿಸ್ತೀರ್ಣಕ್ಕೂ ಸ್ಪಷ್ಟವಾದ ಚಕ್ಕುಬಂದಿಗೂ ವಿರೋಧ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಪ್ರಾಶಸ್ತ್ಯ ಕೊಡುತ್ತವೆ.

1964ರ ಭೂಕಂದಾಯ ಕಾಯ್ದೆ ರಾಜ್ಯದ ವಿವಿಧ ಪ್ರಾಂತ್ಯಗಳ ಕಾನೂನುಗಳನ್ನು ಒಂದುಗೂಡಿಸಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕೀಕರಿಸಿತಾದರೂ ನಕ್ಷೆಯ ಲೋಪಗಳು ಹಾಗೆಯೇ ಉಳಿದವು. ನಿಜವಾದ ತಿರುವು ತಂದದ್ದು 11-ಇ ನಕ್ಷೆ: ಸರ್ವೆ ನಂಬರಿನ ಭಾಗವೊಂದನ್ನು ಮಾರುವ ಮೊದಲೇ ಅದನ್ನು ಅಳೆದು ನಕ್ಷೆ ಸಿದ್ಧಪಡಿಸಬೇಕೆಂಬ ಈ ಕ್ರಮದಿಂದ, ಹಿಂದೆ ನೋಂದಣಿಯ ನಂತರ ಎಂದೋ ಆಗುತ್ತಿದ್ದ ಅಳತೆ ನೋಂದಣಿಗೂ ಮುಂಚೆ ಬಂದಿತು. ಆದರೆ ಇದು ಹೊಸ ಪಾಲುಗಳಿಗೆ ಮಾತ್ರ ಮದ್ದು. ಹಳೆಯ ಪೈಕಿ ಪಹಣಿಗಳಿಗೆ ಪೋಡಿಯೇ ಆಗಬೇಕು.

ಗಡಿಯ ಬಗ್ಗೆ ಸಂದೇಹವಿದ್ದರೆ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆಗೆ ಅರ್ಜಿ ಸಲ್ಲಿಸಬಹುದು. ಆಗ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು ಅಳತೆ ನಡೆಸಲಾಗುತ್ತದೆ. ಭೂಮಾಪಕರು ದಾಖಲೆಯಲ್ಲಿರುವ ಗಡಿಯನ್ನು ತೋರಿಸಬಲ್ಲರೇ ಹೊರತು ಹಕ್ಕನ್ನು ತೀರ್ಮಾನಿಸಲಾರರು. ಆ ಅಧಿಕಾರ ಸಿವಿಲ್ ನ್ಯಾಯಾಲಯದ್ದು.