ಆಟದ ಅಂಚಿನಲ್ಲಿ ಬರೆದವರು

ಒಂದು ಶನಿವಾರ ರಾತ್ರಿ ನಮ್ಮ ಆಟ ನಿಂತುಹೋಯಿತು. ಮೈಸೂರಿನಲ್ಲಿ ನಾನು, ಹುಬ್ಬಳ್ಳಿಯಲ್ಲಿ ಇಬ್ಬರು, ಡಬ್ಲಿನ್‌ನಲ್ಲಿ ಒಬ್ಬ. ಎಂ.ಎ. ಓದುವಾಗ ಜೊತೆಯಾದ ನಾಲ್ವರು ಎರಡು ವಾರಕ್ಕೊಮ್ಮೆ ಕಂಪ್ಯೂಟರ್ ಮುಂದೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ತಾಳಮದ್ದಳೆ ಕಂಡವರಿಗೆ ಈ ಆಟದ ಸ್ವರೂಪ ಹೇಳುವುದು ಸುಲಭ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಕತೆಯ ಎಳೆ ಒಬ್ಬರ ಕೈಯಲ್ಲಿರುತ್ತದೆ, ಸಂದೇಹವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ದೂರದೂರದಲ್ಲಿ ಕೂತವರಿಗೆ ಪಟ, ಕಾಯಿ, ದಾಳಗಳನ್ನು ಒದಗಿಸುವ ಸಾಫ್ಟ್‌ವೇರ್‌ಗೆ ವರ್ಚುವಲ್ ಟೇಬಲ್‌ಟಾಪ್ ಎಂದು ಹೆಸರು.

ಆ ದಿನ ಸಂಜೆ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಬದಲಾಯಿಸಿದ್ದೆ. ರಾತ್ರಿ ನೋಡಿದರೆ ಪಟವಿದ್ದ ಜಾಗದಲ್ಲಿ ಬರೀ ಕಪ್ಪು. ತಪ್ಪು ಸಾಫ್ಟ್‌ವೇರಿನದಲ್ಲ, ಅದಕ್ಕೆ ನಾವು ಸೇರಿಸಿಕೊಂಡಿದ್ದ 32 ಮಾಡ್ಯೂಲ್‌ಗಳಲ್ಲಿ ಯಾವುದೋ ಒಂದರದು. ಮಾಡ್ಯೂಲ್ ಅಂದರೆ ಆಟಗಾರರೇ ಬರೆದು ಹಂಚುವ ಸಣ್ಣ ಸೇರ್ಪಡೆ. ಒಂದು ಮಳೆ ಸುರಿಸುತ್ತದೆ, ಇನ್ನೊಂದು ಬಾಗಿಲ ಸದ್ದು ಮಾಡುತ್ತದೆ, ಮತ್ತೊಂದು ಲೆಕ್ಕ ಇಡುತ್ತದೆ. ಇವನ್ನು ಬರೆದವರು ಯಾರು, ಏಕೆ ಬರೆದರು ಎಂದು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ಕಂಪ್ಯೂಟರಿಗಿಂತ ಹಳೆಯದು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಹೊರಬಂತು. ಒಂದು ಪೆಟ್ಟಿಗೆ, ಮೂರು ಕಿರುಹೊತ್ತಿಗೆ, ಮೊದಲ ಮುದ್ರಣ 1,000 ಪ್ರತಿ. ಆಟ ಹುಟ್ಟುವಾಗಲೇ ಅಪೂರ್ಣವಾಗಿತ್ತು. ಕಾಡು ಅಲೆಯಲು ಬೇರೊಂದು ಕಂಪನಿಯ ‘ಔಟ್‌ಡೋರ್ ಸರ್ವೈವಲ್’ ಆಟದ ಹಲಗೆಯನ್ನು ಬಳಸಿಕೊಳ್ಳಿ ಎಂದು ಆ ಹೊತ್ತಿಗೆಗಳೇ ಸೂಚಿಸಿದ್ದವು. ಉಳಿದದ್ದನ್ನು ಆಟಗಾರರು ತುಂಬಿಕೊಳ್ಳಬೇಕಿತ್ತು, ತುಂಬಿಕೊಂಡರು ಕೂಡ. ಮೊದಲು ಇದ್ದದ್ದು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗದ ಪಾತ್ರಗಳು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ‘ಏರೋ ಹಾಬೀಸ್’ ಎಂಬ ಅಂಗಡಿಯಲ್ಲಿ ಸೇರುತ್ತಿದ್ದವರು ನಾಲ್ಕನೆಯದನ್ನು ಕಟ್ಟಿದರು: ಕಳ್ಳ. ಸುದ್ದಿ ಫೋನಿನಲ್ಲಿ ಗೈಗ್ಯಾಕ್ಸ್ ಅವರಿಗೆ ಮುಟ್ಟಿತು. ಅವರು ಅದನ್ನು ತಮ್ಮದೇ ರೀತಿಯಲ್ಲಿ ತಿದ್ದಿ ಬರೆದರು. 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಕಳ್ಳನೂ ಅಧಿಕೃತನಾದ. ಇಂದು ಕಳ್ಳನಿಲ್ಲದ ಆಟವನ್ನು ಊಹಿಸುವುದೂ ಕಷ್ಟ.

ಅದೇ 1975ರಲ್ಲಿ ಲಾಸ್ ಏಂಜಲೀಸ್‌ನ ಲೀ ಗೋಲ್ಡ್ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಪತ್ರಿಕೆ ಶುರುಮಾಡಿದರು. ಸದಸ್ಯರು ತಂತಮ್ಮ ಪುಟಗಳನ್ನು ತಾವೇ ಬರೆದು ಕಳಿಸುತ್ತಿದ್ದರು. ಲೀ ಗೋಲ್ಡ್ ಎಲ್ಲವನ್ನೂ ಒಟ್ಟುಗೂಡಿಸಿ ಅಂಚೆಗೆ ಹಾಕುತ್ತಿದ್ದರು. ಒಬ್ಬರ ನಿಯಮಕ್ಕೆ ಮುಂದಿನ ಸಂಚಿಕೆಯಲ್ಲಿ ಮತ್ತೊಬ್ಬರ ಟೀಕೆ, ಅದಕ್ಕೆ ಮಗದೊಬ್ಬರ ಉತ್ತರ. ಈ ಪತ್ರಿಕೆ ದಶಕಗಳ ಕಾಲ ನಡೆಯಿತು. ಬರೆಯುವವರು ಬಂದುಹೋದರೂ ಜೋಡಿಸುವ ಕೈ ಒಂದು ಕಡೆ ನಿಂತಿತ್ತು ಎಂಬುದನ್ನು ಗಮನಿಸಬೇಕು.

ಮುಂದೆ ಕಂಪ್ಯೂಟರ್ ಬಂತು. 1990ರ ದಶಕದ ಕೊನೆಗೆ ರಾಡ್ನಿ ಕಿನ್ನಿ ‘ಅಡ್ವಾನ್ಸ್‌ಡ್ ಸ್ಕ್ವಾಡ್ ಲೀಡರ್’ ಎಂಬ ಯುದ್ಧದಾಟವನ್ನು ದೂರದವರೊಡನೆ ಆಡಲು ಒಂದು ಪ್ರೋಗ್ರಾಂ ಬರೆದರು. ಅದನ್ನು ಯಾವ ಆಟಕ್ಕೂ ಒಗ್ಗುವಂತೆ ಬಿಡಿಸಿದಾಗ ‘ವ್ಯಾಸಲ್’ ಆಯಿತು. ವ್ಯಾಸಲ್ ತಾನಾಗಿ ಒಂದು ಖಾಲಿ ಮೇಜು. ಆಟದ ಹಲಗೆ, ಕಾಯಿ, ಚೀಟಿಗಳನ್ನು ಕಂಪ್ಯೂಟರಿಗೆ ತುಂಬಿ ಮಾಡ್ಯೂಲ್ ಕಟ್ಟಿದವರು ಹೆಚ್ಚಾಗಿ ಆಟಗಾರರೇ. 2004ರಲ್ಲಿ ‘ಫ್ಯಾಂಟಸಿ ಗ್ರೌಂಡ್ಸ್’, 2012ರಲ್ಲಿ ‘ರೋಲ್20’ ಬಂದವು. 2020ರ ಮೇ 22ರಂದು, ಜಗತ್ತೇ ಮನೆಯೊಳಗೆ ಕೂತಿದ್ದಾಗ, ಆಂಡ್ರ್ಯೂ ಕ್ಲೇಟನ್ ಅವರ ‘ಫೌಂಡ್ರಿ’ ಬಿಡುಗಡೆಯಾಯಿತು.

ಫೌಂಡ್ರಿಯ ಪ್ರತಿ ಮಾಡ್ಯೂಲ್‌ಗೂ ಒಂದು ವಿವರಪತ್ರ ಇರಬೇಕು: ಹೆಸರು, ಲೇಖಕರು, ಯಾವ ಆವೃತ್ತಿಯಿಂದ ನಡೆಯುತ್ತದೆ, ಯಾವುದರಲ್ಲಿ ಪರೀಕ್ಷಿಸಿದೆ, ಇನ್ನಾವ ಮಾಡ್ಯೂಲನ್ನು ನೆಚ್ಚಿದೆ. ನಿರ್ವಹಣೆಯ ಕಷ್ಟವೆಲ್ಲ ಈ ಒಂದು ಹಾಳೆಯಲ್ಲಿದೆ. ಎರಡು ಮಾಡ್ಯೂಲ್‌ಗಳು ಮೂಲದ ಒಂದೇ ಸಾಲನ್ನು ತಿದ್ದಹೊರಟರೆ ಒಂದರ ಬರಹವನ್ನು ಇನ್ನೊಂದು ಅಳಿಸಿಬಿಡುತ್ತದೆ. ಅವು ಜಗಳವಾಡದೆ ಸರದಿಯಲ್ಲಿ ನಿಲ್ಲಲೆಂದೇ ‘ಲಿಬ್‌ರ‍್ಯಾಪರ್’ ಎಂಬ ಮತ್ತೊಂದು ಮಾಡ್ಯೂಲ್ ಹುಟ್ಟಿತು. 2022ರ ಹತ್ತನೆಯ ಆವೃತ್ತಿಯಲ್ಲಿ ಪಾತ್ರಗಳ ವಿವರ ಇಡುವ ಒಳಗಿನ ವ್ಯವಸ್ಥೆಯೇ ಬದಲಾಯಿತು. ಹಳೆಯ ದಾರಿಯನ್ನು ಕೆಲಕಾಲ ತೆರೆದಿಟ್ಟರೂ, ಸಂಬಳವಿಲ್ಲದೆ ಬರೆಯುತ್ತಿದ್ದ ಲೇಖಕರು ಮತ್ತೆ ಕೂತು ತಿದ್ದಬೇಕಾಯಿತು. ಕೆಲವರು ತಿದ್ದಿದರು. ಕೆಲವರಿಗೆ ಮಗು ಹುಟ್ಟಿತ್ತು, ಕೆಲಸ ಬದಲಾಗಿತ್ತು, ಆಟವೇ ಬಿಟ್ಟುಹೋಗಿತ್ತು.

ಅಪಾಯ ಕಾನೂನಿನ ಕಡೆಯಿಂದಲೂ ಬಂತು. ಈಗ ಆಟದ ಒಡೆತನ ಹೊಂದಿರುವ ‘ವಿಝರ್ಡ್ಸ್ ಆಫ್ ದ ಕೋಸ್ಟ್’ 2000ದಲ್ಲಿ, ಇತರರು ನಿಯಮಗಳ ಮೇಲೆ ಕಟ್ಟಬಹುದು ಎಂಬ ಮುಕ್ತ ಪರವಾನಗಿ ಕೊಟ್ಟಿತ್ತು. 2023ರ ಜನವರಿಯಲ್ಲಿ ಅದನ್ನು ಬದಲಿಸುವ ಕರಡು ಬಂತು. ವರ್ಚುವಲ್ ಟೇಬಲ್‌ಟಾಪ್‌ನಲ್ಲಿ ಏನು ಸಲ್ಲುತ್ತದೆ ಎಂಬುದಕ್ಕೆ ಬೇರೆಯದೇ ನೀತಿ ಇತ್ತು: ಊಟದ ಮೇಜಿನ ಸುತ್ತ ನಡೆಯುವುದು ಸರಿ, ಮಂತ್ರದ ಬಾಣ ಪಟದ ಮೇಲೆ ಹಾರುವ ಅನಿಮೇಷನ್ ಸಲ್ಲದು. ಮಾಡ್ಯೂಲ್ ಬರೆಯುವವರು ವರ್ಷಗಟ್ಟಲೆ ಮಾಡುತ್ತಿದ್ದದ್ದು ಅದನ್ನೇ. 15,000ಕ್ಕೂ ಹೆಚ್ಚು ಜನ ಅಭಿಪ್ರಾಯ ಬರೆದು ಕಳಿಸಿದರು. ಜನವರಿ 27ರಂದು ಕಂಪನಿ ಹಿಂದೆ ಸರಿದು, ಮೂಲ ನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು.

ಆ ಗೆಲುವು ದೊಡ್ಡದೇ. ಆದರೆ ಕಂಪನಿಯ ಕರಡಿಗಿಂತ ಹೆಚ್ಚು ಮಾಡ್ಯೂಲ್‌ಗಳನ್ನು ನುಂಗುವುದು ಮೌನ ಎಂದು ನನಗನ್ನಿಸುತ್ತದೆ. ಬರೆಯುವ ಹಕ್ಕು ಉಳಿದರೂ ಬರೆದದ್ದನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಅದು ಎರಡು ಆವೃತ್ತಿ ದಾಟುವುದಿಲ್ಲ. ನಮ್ಮ ಓಲೆಗರಿಗಳೂ ಹಾಗೇ ತಾನೆ? ಕವಿ ಬರೆದದ್ದರಿಂದ ಮಾತ್ರ ಕಾವ್ಯ ನಮ್ಮ ಕೈಗೆ ಬರಲಿಲ್ಲ. ಗರಿ ಮುರಿಯುವ ಮೊದಲು ಯಾರೋ ಕೂತು ಹೊಸ ಗರಿಗೆ ಇಳಿಸಿದ್ದರಿಂದ ಬಂತು. ಫೌಂಡ್ರಿಯ ಲೋಕದಲ್ಲೂ ಇಂಥವರಿದ್ದಾರೆ. ಲೇಖಕರು ಕೈಬಿಟ್ಟ ಮಾಡ್ಯೂಲ್‌ಗಳನ್ನು ದತ್ತು ತೆಗೆದುಕೊಂಡು ನಡೆಸುವ ‘ಲೀಗ್’ ಎಂಬ ಸ್ವಯಂಸೇವಕರ ಕೂಟವೇ ಇದೆ.

ಆ ಶನಿವಾರ ನಾವು ತಪ್ಪನ್ನು ಹಿಡಿದದ್ದು ಹಳೆಯ ಉಪಾಯದಿಂದ. ಅರ್ಧ ಮಾಡ್ಯೂಲ್‌ಗಳನ್ನು ಆರಿಸಿ ನೋಡುವುದು. ತೊಂದರೆ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. 32, 16, 8, 4, 2. ಐದನೆಯ ಸಲಕ್ಕೆ ಸಿಕ್ಕಿತು. ಮಳೆ ಸುರಿಸುವ ಮಾಡ್ಯೂಲ್. ಅದರ ಲೇಖಕರು ಎರಡು ವರ್ಷದಿಂದ ಒಂದಕ್ಷರ ಬರೆದಿರಲಿಲ್ಲ. ಕೊನೆಯ ಟಿಪ್ಪಣಿಯಲ್ಲಿ, ಬೇಕಾದವರು ತೆಗೆದುಕೊಂಡು ಮುಂದುವರಿಸಿ ಎಂದಷ್ಟೇ ಇತ್ತು.

ನಾನು ಅದನ್ನು ತೆಗೆದುಹಾಕೋಣ ಎಂದೆ. ಮಳೆಯಿಲ್ಲದೆಯೂ ಕತೆ ನಡೆಯುತ್ತದಲ್ಲ. ಹುಬ್ಬಳ್ಳಿಯ ಗೆಳತಿ ಒಪ್ಪಲಿಲ್ಲ. “ತಡಿಯೋ, ಒಂದು ವಾರ ಟೈಮ್ ಕೊಡು” ಅಂದಳು. ಮುಂದಿನ ಶನಿವಾರ ಏಳು ಸಾಲು ಬದಲಾಯಿಸಿಕೊಂಡು ಬಂದಳು, ತಿದ್ದಿದ್ದನ್ನು ಎಲ್ಲರಿಗೂ ಸಿಗುವಂತೆ ಹಂಚಿಯೂ ಇದ್ದಳು. ವಿವರಪತ್ರ ತೆರೆದು ನೋಡಿದೆ. ಲೇಖಕರ ಸಾಲಿನಲ್ಲಿ ಹಳೆಯ ಹೆಸರು ಇದ್ದಲ್ಲೇ ಇತ್ತು. ಅದರ ಕೆಳಗೆ ಇವಳ ಹೆಸರು.