ಉಳ್ಳಾರ್ತಿಯ ಚಂದ್ರ (ನಮ್ಮೂರ ಹಿಸ್ಟರಿ, ಭಾಗ 7)

ಫಸ್ಟ್ ಫೋಟೋದಲ್ಲಿರೋದು ರಾಸ್ಪ್‌ಬೆರಿ ಪೈ 5. ಎರಡು ಕ್ಯಾಮೆರಾ ಹಾಕಬಹುದು. ಆದ್ರೆ ಎರಡೂ ಒಂದೇ ಕ್ಷಣಕ್ಕೆ ಕ್ಲಿಕ್ ಆಗೋ ಹಾಗೆ ಮಾಡೋಕೆ ನನಗೂ ಫ್ರೆಂಡ್‌ಗೂ ಮೂರು ರಾತ್ರಿ ಹಿಡೀತು. ಮೊಳಕಾಲ್ಮೂರು ಬಸ್ ತೆಗೆದ್ರೆ ಒಂದರಲ್ಲಿ ಬಸ್, ಇನ್ನೊಂದರಲ್ಲಿ ಬರೀ ಧೂಳು! (ಬಿ.ಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಅಮ್ಮ.)

ಈ ತಲೆನೋವು ಹಳೇದು ಕಣ್ರೋ. 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಅನ್ನೋರು 12 ಕ್ಯಾಮೆರಾ ಸಾಲಾಗಿಟ್ಟು, ಕುದುರೆ ಓಡೋ ದಾರಿಗೆ ಅಡ್ಡ ದಾರ ಕಟ್ಟಿದ್ರು. ಒಂದೊಂದು ದಾರಕ್ಕೆ ಒಂದೊಂದು ಕ್ಲಿಕ್. ಓಡುವಾಗ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತೆ ಅನ್ನೋದು ಫೋಟೋದಲ್ಲೇ ಸಿಕ್ತು.

ಈಗ ನಮ್ಮೂರಿಗೆ ಬನ್ನಿ. ಚಳ್ಳಕೆರೆ ಹತ್ರ ಉಳ್ಳಾರ್ತಿ ಕಾವಲಲ್ಲಿ ಇಸ್ರೋದವರು ಚಂದ್ರನ ಮೇಲಿರೋ ಥರ ಗುಂಡಿ ತೋಡಿಸಿ, 2016ರಲ್ಲಿ ಅದರ ಮೇಲೆ ವಿಮಾನ ಹಾರಿಸಿ ಲ್ಯಾಂಡರ್ ಸೆನ್ಸರ್ ಪರೀಕ್ಷೆ ಮಾಡಿದ್ರು. ಭೂಮಿಯಿಂದ ಚಂದ್ರನಿಗೆ ಸಂಕೇತ ಹೋಗೋಕೇ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಹಾಗಾಗಿ ಗುಂಡಿ, ಬಂಡೆ ನೋಡಿ ಜಾಗ ಆರಿಸೋದು ಲ್ಯಾಂಡರಿನ ಕ್ಯಾಮೆರಾದ್ದೇ ಕೆಲಸ. 2019ರಲ್ಲಿ ವಿಕ್ರಮ್ ಬಿತ್ತು. ಚಂದ್ರಯಾನ-3ರಲ್ಲಿ ಅಪಾಯ ನೋಡೋ ಕ್ಯಾಮೆರಾ ಒಂದರ ಬದಲು ಎರಡು. 2023ರ ಆಗಸ್ಟ್ 23, ಸಂಜೆ 6:04ಕ್ಕೆ ಇಳೀತು.

ಆದ್ರೆ ಅದು ಅಮೃತಮಹಲ್ ಕಾವಲು. ದನ, ಕುರಿ ಮೇಯೋ ಹುಲ್ಲುಗಾವಲು. ಯೋಜನೆಗಳಿಗೆ ಕಾವಲು ಕೊಟ್ಟಿದ್ದರ ವಿರುದ್ಧ 2013ರಲ್ಲಿ ಹಸಿರು ನ್ಯಾಯಾಧಿಕರಣದಲ್ಲಿ ಕೇಸೇ ನಡೀತು. ಚಂದ್ರನ ಬಗ್ಗೆ ನನಗೂ ಹೆಮ್ಮೆ ಇದೆ, ಆದ್ರೆ ಕಂಬಳಿಗೆ ಹೆಸರಾದ ಊರಲ್ಲಿ ಕುರಿ ಮಾತು ಬಿಟ್ಟು ಈ ಕಥೆ ಹೇಳೋಕೆ ಮನಸ್ಸು ಬರಲಿಲ್ಲ.

ಆ ಕಡೆ ಕುರಿ ಮೇಯಿಸ್ತಿದ್ದ ಅಜ್ಜ ಯಾರಾದ್ರೂ ನಿಮ್ಮನೇಲಿದ್ರೆ ಡಿಎಂ ಮಾಡಿ. ಭಾಗ 8 ಅವರ ಬಾಯಲ್ಲೇ ಕೇಳೋಣ.