ಆನ್ ಫ್ರಾಂಕ್‌ಗೊಬ್ಬಳು ಪೆನ್ ಫ್ರೆಂಡ್ ಇದ್ದಳು

1/6
ಡೈರಿ ಬರೆದ ಆನ್ ಫ್ರಾಂಕ್ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಆದ್ರೆ ಡೈರಿ ಶುರು ಮಾಡೋ ಎರಡು ವರ್ಷ ಮೊದಲೇ ಅವಳು ಅಮೆರಿಕದ ಒಬ್ಬ ಹುಡುಗಿಗೆ ಪತ್ರ ಬರೆದಿದ್ದಳು. ಇವತ್ತಿನ ಕಥೆ ಆ ಪತ್ರದ್ದು.

2/6
ಅಮೆರಿಕದ ಅಯೋವಾ ರಾಜ್ಯದಲ್ಲಿ ಡ್ಯಾನ್‌ವಿಲ್ ಅಂತ ಒಂದು ಪುಟ್ಟ ಊರು. ಅಲ್ಲಿನ ಟೀಚರ್ ಬರ್ಡಿ ಮ್ಯಾಥ್ಯೂಸ್ ಬೇರೆ ದೇಶದ ಮಕ್ಕಳ ಹೆಸರಿನ ಪಟ್ಟಿ ತಂದು, "ಒಬ್ಬೊಬ್ಬರನ್ನ ಆರಿಸ್ಕೊಂಡು ಪತ್ರ ಬರೀರಿ" ಅಂತ ಕ್ಲಾಸಿಗೆ ಹೇಳಿದ್ರು. ಜುವಾನಿಟಾ ವ್ಯಾಗ್ನರ್ ಆರಿಸಿದ್ದು ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಹೆಸರನ್ನ. ಇಬ್ಬರಿಗೂ 10 ವರ್ಷ. ಜುವಾನಿಟಾ ತನ್ನ ಮನೆ, ಊರು, ಅಕ್ಕ ಬೆಟ್ಟಿ ಆನ್ ಬಗ್ಗೆ ಬರೆದಳು. ಆನ್‌ಗೂ ಒಬ್ಬಳು ಅಕ್ಕ ಇದ್ದಳು, ಮಾರ್ಗೊ. ಹೀಗಾಗಿ ತಂಗಿ ತಂಗಿಗೆ, ಅಕ್ಕ ಅಕ್ಕನಿಗೆ ಉತ್ತರ ಬರೆದರು.

3/6
ಆನ್ ಪತ್ರದ ದಿನಾಂಕ 1940ರ ಏಪ್ರಿಲ್ 29. ಇಂಗ್ಲಿಷ್‌ನಲ್ಲಿದೆ. ತನ್ನ ಶಾಲೆಯಲ್ಲಿ ಏನು ಬೇಕೋ ಅದನ್ನ ಕಲಿಯೋ ಸ್ವಾತಂತ್ರ್ಯ ಇದೆ ಅಂತ ಬರೀತಾಳೆ. ಮ್ಯಾಪ್‌ನಲ್ಲಿ ಡ್ಯಾನ್‌ವಿಲ್ ಹತ್ತಿರದ ಬರ್ಲಿಂಗ್‌ಟನ್ ಹುಡುಕಿದೆ ಅಂತಾಳೆ. ಚಿತ್ರದ ಕಾರ್ಡ್ ಸೇರಿಸೋದು ಅವಳ ಹವ್ಯಾಸ, ಆಗಲೇ ಸುಮಾರು 800 ಇದ್ದವಂತೆ! ಜೊತೆಗೆ ತನ್ನದೊಂದು ಫೋಟೋನೂ ಇಟ್ಟಿದ್ದಳು. ಯುದ್ಧದ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ.

4/6
ಅದೇ ಮನೆ, ಎರಡು ದಿನ ಮೊದಲು ಬರೆದ ಮಾರ್ಗೊ ಪತ್ರ ನೋಡಿ. ಅವಳಿಗೆ 14. ನಾವು ಆಗಾಗ ರೇಡಿಯೋ ಕೇಳ್ತೀವಿ, ಜರ್ಮನಿ ಗಡಿಗೆ ಅಂಟಿಕೊಂಡ ಸಣ್ಣ ದೇಶ ನಮ್ಮದು, ಯಾವತ್ತೂ ನಿಶ್ಚಿಂತೆಯಾಗಿರೋಕೆ ಆಗಲ್ಲ ಅಂತ ಬರೀತಾಳೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಚಿಕ್ಕ ಕಸಿನ್‌ಗಳಿದ್ದಾರೆ, ಆದ್ರೆ ಯುದ್ಧ ನಡೀತಿರೋದ್ರಿಂದ ಹೋಗೋ ಹಾಗಿಲ್ಲ, ವೀಸಾ ಕೊಡಲ್ಲ ಅಂತಾಳೆ. ವಯಸ್ಸಿನ ವ್ಯತ್ಯಾಸ ಹೀಗೆ ಕಾಣುತ್ತೆ.

5/6
ಆನ್ ಪತ್ರ ಬರೆದ 11ನೇ ದಿನ, ಅಂದ್ರೆ ಮೇ 10ಕ್ಕೆ, ಹಿಟ್ಲರ್ ಸೈನ್ಯ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡ್ತು. ಜುವಾನಿಟಾ ಮತ್ತು ಬೆಟ್ಟಿ ಆನ್ ಮತ್ತೆ ಪತ್ರ ಬರೆದರು. ಉತ್ತರ ಬರಲೇ ಇಲ್ಲ. 1942ರ ಜುಲೈನಲ್ಲಿ ಫ್ರಾಂಕ್ ಕುಟುಂಬ ಅಡಗಿಕೊಳ್ತು, 1944ರ ಆಗಸ್ಟ್ 4ಕ್ಕೆ ಸಿಕ್ಕಿಬಿತ್ತು. 1945ರ ಆರಂಭದಲ್ಲಿ ಇಬ್ಬರೂ ಹುಡುಗಿಯರು ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡರು.

6/6
ಯುದ್ಧ ಮುಗಿದ ಮೇಲೆ ಬೆಟ್ಟಿ ಆನ್ ಹಳೇ ವಿಳಾಸಕ್ಕೇ ಇನ್ನೊಂದು ಪತ್ರ ಹಾಕಿದಳು. ಬದುಕುಳಿದಿದ್ದ ತಂದೆ ಒಟ್ಟೊ ಫ್ರಾಂಕ್ ನಡೆದದ್ದನ್ನೆಲ್ಲ ಬರೆದು ತಿಳಿಸಿದರು. ತಮ್ಮ ಪೆನ್ ಫ್ರೆಂಡ್‌ಗಳು ಯಹೂದಿಗಳು ಅಂತ ಅವರಿಗೆ ಗೊತ್ತಾಗಿದ್ದೇ ಆಗ. ಆ ಪತ್ರಗಳು 1988ರಲ್ಲಿ ನ್ಯೂಯಾರ್ಕ್‌ನಲ್ಲಿ 1,65,000 ಡಾಲರ್‌ಗೆ ಹರಾಜಾದವು. ಹೆಸರು ಹೇಳದ ಒಬ್ಬರು ಕೊಂಡು ಲಾಸ್ ಏಂಜಲೀಸ್‌ನ ಸೈಮನ್ ವೀಸೆಂಥಾಲ್ ಸೆಂಟರ್‌ಗೆ ಕೊಟ್ಟುಬಿಟ್ಟರು.

60 ಲಕ್ಷ ಅನ್ನೋ ಸಂಖ್ಯೆ ನಾವು ಪರೀಕ್ಷೆಗೆ ಓದ್ತೀವಿ, ಮರೀತೀವಿ. ಆದ್ರೆ 800 ಕಾರ್ಡ್ ಸೇರಿಸಿದ್ದ ಹುಡುಗಿ ಮರೆಯಲ್ಲ. ಆ 60 ಲಕ್ಷದಲ್ಲಿ ಪ್ರತಿಯೊಬ್ಬರಿಗೂ ಇಂಥದ್ದೊಂದು ಇತ್ತು. ಬಹುತೇಕರ ಪತ್ರ ಯಾರ ಪೆಟ್ಟಿಗೆಯಲ್ಲೂ ಉಳಿದಿಲ್ಲ, ಅಷ್ಟೇ.

ನಿಮ್ಮ ಮನೆ ಟ್ರಂಕಲ್ಲಿ ಹಳೇ ಇನ್‌ಲ್ಯಾಂಡ್ ಲೆಟರ್ ಇದ್ರೆ ತೆಗೆದು ಓದಿ. ಮೊದಲು ದಿನಾಂಕ ನೋಡಿ. ಆವತ್ತು ಬರೆದವರಿಗೆ ಮುಂದೇನಾಗುತ್ತೆ ಅಂತ ಗೊತ್ತಿರಲಿಲ್ಲ ಅನ್ನೋದು ನೆನಪಿರಲಿ. ಸಿಕ್ಕಿದ್ದನ್ನ ಕಾಮೆಂಟಲ್ಲಿ ಹೇಳಿ.

#ಇತಿಹಾಸ #ಪೆನ್‌ಫ್ರೆಂಡ್ #ಆನ್‌ಫ್ರಾಂಕ್